ಬ್ಯಾಟರಿ ಕಳ್ಳ

ನಮ್ಮನೆಯವರ ಬಾಯಲ್ಲಿ ಬಾರದ ಮಾತು ಒಂದೇ ಒಂದು: "ಗೊತ್ತಿಲ್ಲ". ದಾರಿ ಕೇಳಿದವರಿಗೆ ದಾರಿ ಹೇಳುತ್ತಾರೆ; ಆ ಕಡೆಗೆ ಅವರು ಎಂದಾದರೂ ಹೋಗಿರಬೇಕೆಂದೇನೂ ಇಲ್ಲ. ಹಲ್ಲುನೋವು ಎಂದವರಿಗೆ ಮದ್ದು ಹೇಳುತ್ತಾರೆ. ಆ ಮದ್ದಿನಿಂದ ಹೊಟ್ಟೆ ಕೆಟ್ಟರೆ ಅದಕ್ಕೂ ಒಂದು ಹೇಳುತ್ತಾರೆ. ಹೊಟ್ಟೆಪಾಡಿಗೆ ಅವರು ನೀರು ಸರಬರಾಜು ಕಚೇರಿಯ ಸೋರಿಕೆ ವಿಭಾಗದಲ್ಲಿದ್ದಾರೆ. ಯಾವ ಬೀದಿಯಲ್ಲಿ ಪೈಪು ಒಡೆದಿದೆ, ಯಾರು ಕಳ್ಳ ಕನೆಕ್ಷನ್ ಎಳೆದುಕೊಂಡಿದ್ದಾರೆ ಎಂದು ಪತ್ತೆ ಹಚ್ಚುವುದು ಕೆಲಸ. ಆ ಕೆಲಸದಲ್ಲಿ ಅವರು ಗಟ್ಟಿಗರು, ಸುಳ್ಳೇಕೆ ಹೇಳಲಿ. ತೊಂದರೆ ಏನೆಂದರೆ, ಜಗತ್ತಿನ ಸಕಲ ಕಾಯಿಲೆಗಳೂ ಅವರ ಕಣ್ಣಿಗೆ ಸೋರಿಕೆಯಾಗಿಯೇ ಕಾಣುತ್ತವೆ.

ನನ್ನ ತಮ್ಮ ಸರಕು ಹಡಗಿನಲ್ಲಿ ಎಂಜಿನಿಯರು. ಈ ಸಲ ಹಡಗು ಹತ್ತುವ ಮೊದಲು ಬಸುರಿ ಹೆಂಡತಿಯನ್ನೂ ತನ್ನ ಕೆಂಪು ಸ್ಪೋರ್ಟ್ಸ್ ಕಾರನ್ನೂ ನಮ್ಮ ಮನೆಗೆ ತಂದು ಬಿಟ್ಟ. ನೆಲಕ್ಕೆ ಅಂಟಿಕೊಂಡಂಥ, ಎರಡೇ ಸೀಟಿನ, ಮೊಸಳೆಯ ಹಾಗೆ ಮೂತಿ ಚಾಚಿದ ಕಾರು. "ಭಾವ, ಎರಡನ್ನೂ ನಿಮ್ಮ ಕೈಗೆ ಒಪ್ಪಿಸ್ತಾ ಇದೀನಿ," ಎಂದ.

"ನೀನು ಸಮುದ್ರ ನೋಡ್ಕೊ, ಇದನ್ನ ನನಗೆ ಬಿಡು," ಎಂದರು ಇವರು. ಯಾವುದನ್ನು ಎಂದು ಅವನೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ನಮ್ಮದು ಮೂರಂತಸ್ತಿನ ಕಟ್ಟಡದ ನೆಲಮಹಡಿ. ಮುಂದಿನ ಕೋಣೆಯ ಗೋಡೆಗೆ ಒತ್ತಿಕೊಂಡೇ ಗಾಡಿ ನಿಲ್ಲಿಸುವ ಜಾಗ. ಕಾರು ಬಂದ ದಿನವೇ ಇವರು ಆ ಗೋಡೆಗೆ ಹೊಳೆಯುವ ಮೊಳೆಯೊಂದನ್ನು ಹೊಡೆದು, ಬಂದವರ ಕಣ್ಣಿಗೆ ರಾಚುವ ಹಾಗೆ ಅದರ ಕೀ ನೇತುಹಾಕಿದರು. ಅದು ಕೀ ಎಂದರೆ ಕೀಯೂ ಅಲ್ಲ. ನುಣುಪಾದ, ಕರಿಯ ಸಾಬೂನಿನ ತುಂಡಿನಂಥದ್ದು. ಅದನ್ನು ಜೇಬಿನಲ್ಲಿಟ್ಟುಕೊಂಡು ಹತ್ತಿರ ಹೋದರೆ ಸಾಕು, ಕಾರು ದೀಪ ಮಿಟುಕಿಸಿ ಸ್ವಾಗತ ಮಾಡುತ್ತದೆ.

"ನೋಡಿದ್ಯಾ, ನನ್ನ ಗುರುತು ಹಿಡಿಯುತ್ತೆ," ಎಂದು ಇವರು ಹಿಗ್ಗಿದರು. ಆಮೇಲೆ ಕಾಫಿ ಕುಡಿದರೊಮ್ಮೆ, ಪೇಪರ್ ಮಡಚಿದರೊಮ್ಮೆ, ಯಾರಾದರೂ ಮೆಟ್ಟಿಲಿಳಿಯುವ ಸದ್ದಾದರೊಮ್ಮೆ, ಬಟ್ಟೆ ಹಿಡಿದು ಕಾರು ಒರೆಸಲು ಹೋಗತೊಡಗಿದರು. ನನ್ನ ಅಡುಗೆಮನೆಯ ಒರೆಸುವ ಬಟ್ಟೆಗಳೆಲ್ಲ ಒಂದೊಂದಾಗಿ ವಲಸೆ ಹೋದವು.

ಕೆಲವೇ ದಿನಗಳಲ್ಲಿ ಬ್ಯಾಟರಿ ಸತ್ತಿತು. ಎದುರುಮನೆಯವರ ಕಾರಿನಿಂದ ತಂತಿ ಕೊಟ್ಟು ಎಬ್ಬಿಸಿದರು; ಮತ್ತೆ ಸತ್ತಿತು. ತಮ್ಮನಿಗೆ ಗೊತ್ತಿದ್ದ ಮೆಕ್ಯಾನಿಕ್ ಬಂದು ಹೊಸ ಬ್ಯಾಟರಿ ಹಾಕಿ, ಡೈನಮೋ ಪರೀಕ್ಷಿಸಿ, "ಓಡೋವಾಗ ಚೆನ್ನಾಗೇ ಚಾರ್ಜ್ ಆಗ್ತಿದೆ ಸಾರ್. ನಿಂತಾಗ ಖಾಲಿ ಆಗ್ತಿದೆ. ಎಲ್ಲೋ ಸೋರಿ ಹೋಗ್ತಿದೆ," ಎಂದ.

ಆ ಒಂದು ಪದ ಅವನು ಆಡಬಾರದಿತ್ತು. ಸೋರಿಕೆ ಎಂದ ಕೂಡಲೇ ಇವರ ಬೆನ್ನು ನೆಟ್ಟಗಾಯಿತು. ಮಾರನೆಯ ದಿನ ಕಾರಿನಡಿ ಪೂರ್ತಿ ಹಳೆಯ ಪೇಪರ್ ಹಾಸಿದರು. ಸಂಜೆ ಅದರ ಮೇಲೆ ಒಂದು ಹನಿ ಸಿಕ್ಕಿತು. ಅದನ್ನು ಮೂಸಿದರು, ಬೆರಳಲ್ಲಿ ಉಜ್ಜಿದರು, ಬೆಳಕಿಗೆ ಹಿಡಿದರು.

"ಕರೆಂಟು," ಎಂದರು ಗಂಭೀರವಾಗಿ.

"ನನ್ನ ಒದ್ದೆ ಸೀರೆ ಅಣ್ಣ," ಎಂದಳು ನಾದಿನಿ, ಕಿಟಕಿಯ ಸರಳಿಗೆ ಒಣಹಾಕಿದ್ದ ಸೀರೆಯನ್ನು ತೋರಿಸಿ. ತಮ್ಮನ ಹೆಂಡತಿಯಾದ ಇವಳು ನಮ್ಮವರನ್ನು ಅಣ್ಣ ಎಂದೇ ಕರೆಯುವುದು; ನಗುಮುಖದವಳು. ಹೊಟ್ಟೆ ಮುಂದೆ, ತಾನು ಹಿಂದೆ ನಡೆಯುವ ದಿನಗಳಲ್ಲೂ ಅವಳ ತಮಾಷೆ ನಿಂತಿರಲಿಲ್ಲ.

ಆದರೆ ಇದರಲ್ಲಿ ತಮಾಷೆಯಲ್ಲದ ಸಂಗತಿಯೊಂದಿತ್ತು. ನೋವು ಕಾಣಿಸಿಕೊಂಡರೆ ಇರಲಿ ಎಂದು ನಾನು ಹತ್ತಿರದ ಟ್ಯಾಕ್ಸಿಯವನಿಗೆ ಮೊದಲೇ ಹೇಳಿಟ್ಟಿದ್ದೆ. ಅದು ತಿಳಿದು ಇವರಿಗೆ ಅವಮಾನವಾಯಿತು. "ಮನೇಲಿ ಇಂಥ ಗಾಡಿ ನಿಂತಿರೋವಾಗ ನನ್ನ ತಂಗಿ ಬಾಡಿಗೆ ಗಾಡೀಲಿ ಹೆರಿಗೆಗೆ ಹೋಗ್ಬೇಕಾ?" ಎಂದು ಟ್ಯಾಕ್ಸಿಯವನಿಗೆ ಬೇಡವೆಂದರು. ಹಡಗಿಗೆ ಫೋನ್ ಮಾಡಿ ತಮ್ಮನಿಗೂ ಮಾತು ಕೊಟ್ಟರು.

"ಅಣ್ಣ, ನಾನು ಅದರಲ್ಲಿ ಕೂತರೆ ಏಳಿಸೋಕೆ ಕ್ರೇನ್ ಬೇಕಾಗುತ್ತೆ," ಎಂದಳು ನಾದಿನಿ.

"ಅದನ್ನ ನನಗೆ ಬಿಡು," ಎಂದರು ಇವರು.

ಆ ಬೆಳಿಗ್ಗೆ ಮಗಳನ್ನು ಶಾಲೆಗೆ ಕಳಿಸಿ, ಒಗೆದ ಬಟ್ಟೆ ಹಿಂಡುತ್ತಿದ್ದೆ. ಇವರು ಆಸ್ಪತ್ರೆಯ ದಾರಿಯ ರಿಹರ್ಸಲ್ ಮಾಡಿ ಬರುತ್ತೇನೆಂದು ಹೊರಟರು. ಮೆಟ್ಟಿಲಡಿಯ ಪ್ಲಗ್ಗಿಗೆ ಸಿಕ್ಕಿಸಿದ ಚಾರ್ಜರಿನಲ್ಲಿ ಹಿಂದಿನ ದಿನವೆಲ್ಲ ಹಾಲು ಕುಡಿದಿದ್ದ ಕಾರು ಕೆಮ್ಮುತ್ತಲೇ ಎದ್ದಿತು. ಉದ್ದ ಮೂತಿ ಗೇಟಿನ ಎರಡು ಕಂಬಗಳ ನಡುವೆ ಬಂದಾಗ ಇವರಿಗೆ ತಂಪು ಕನ್ನಡಕ ನೆನಪಾಯಿತು. ತಂಪು ಕನ್ನಡಕವಿಲ್ಲದೆ ಸ್ಪೋರ್ಟ್ಸ್ ಕಾರು ಓಡಿಸುವುದು ಅಂಗಿಯಿಲ್ಲದೆ ಕಚೇರಿಗೆ ಹೋದ ಹಾಗೆ ಎಂಬುದು ಅವರ ಅಭಿಪ್ರಾಯ. ಅಲ್ಲೇ ಆಫ್ ಮಾಡಿ, ಇಳಿದು, ಕಟ್ಟುನಿಟ್ಟಾಗಿ ಲಾಕ್ ಮಾಡಿ ಒಳಗೆ ಬಂದರು. ಕನ್ನಡಕ ಹಾಕಿಕೊಂಡು ಹೋದರು. ಕಾರು ದೀಪ ಮಿಟುಕಿಸಲಿಲ್ಲ. ಬಾಗಿಲು ತೆರೆಯಲಿಲ್ಲ. ಲಾಕ್ ಆಗುವುದಕ್ಕೆಂದೇ ಕೊನೆಯ ಉಸಿರು ಹಿಡಿದುಕೊಂಡಿತ್ತೇನೋ.

ದಬ್ಬೋಣವೆಂದರೆ ಚಕ್ರ ಕದಲದು. ಗೇರೂ ಬ್ರೇಕೂ ಕರೆಂಟಿನದೇ. ನಮ್ಮ ಕಾಂಪೌಂಡಿಗೆ ಇರುವುದು ಒಂದೇ ಗೇಟು. ಸೀಸೆಯ ಬಾಯಿಗೆ ಬಿರಡೆ ಹೊಡೆದ ಹಾಗೆ ಕಾರು ಅಲ್ಲಿ ಕೂತಿತು. ಪಕ್ಕದಲ್ಲಿ ಉಳಿದದ್ದು ಒಬ್ಬರು ಉಸಿರು ಬಿಗಿಹಿಡಿದು, ಅಡ್ಡ ತಿರುಗಿ ನುಸುಳುವಷ್ಟು ಸಂದು. ನಾನು ಬಕೆಟ್ ಕೆಳಗಿಟ್ಟು ಆ ಸಂದನ್ನು ನೋಡಿದೆ. ಬಾಗಿಲಲ್ಲಿ ನಿಂತಿದ್ದ ನಾದಿನಿಯ ಹೊಟ್ಟೆ ನೋಡಿದೆ. ಮತ್ತೆ ಸಂದನ್ನು ನೋಡಿದೆ.

ಇವರು ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ದೊಡ್ಡವರು ಫೋನಿನಲ್ಲಿ ಆಡಿದ ಮಾತು ಎಲ್ಲರಿಗೂ ಕೇಳಬೇಕೆಂದು ಸ್ಪೀಕರಿನಲ್ಲೇ ಹಾಕಿದರು.

"ನಾನು ಬರೋದು ಮಧ್ಯಾಹ್ನ ಆಗುತ್ತೆ ಸಾರ್," ಎಂದ ಅವನು. "ಅಷ್ಟರಲ್ಲಿ ನೀವೇ ಒಂದು ಕೆಲಸ ಮಾಡಿ. ಕಳ್ಳ ಒಳಗೇ ಇದಾನೆ. ಎಲ್ಲ ಮಲಗಿದಾಗ ಅವನೊಬ್ಬ ಎದ್ದು ಕರೆಂಟ್ ಎಳೀತಾನೆ. ಮೀಟರ್ ನೋಡ್ಕೊಂಡು ಒಂದೊಂದೇ ಫ್ಯೂಸ್ ಕಿತ್ತು ನೋಡಿ. ಯಾವ ಫ್ಯೂಸ್ ಕಿತ್ತಾಗ ಮೀಟರ್ ಇಳಿಯುತ್ತೋ, ಅಲ್ಲಿದಾನೆ ಕಳ್ಳ."

"ಮೀಟರ್ ವಿಷಯ ನನಗೆ ಹೇಳ್ಕೊಡ್ಬೇಡಪ್ಪ," ಎಂದು ಇವರು ಫೋನ್ ಇಟ್ಟರು.

ಕಾರಿಗೂ ಫ್ಯೂಸುಗಳಿರುತ್ತವೆ ಎಂದು ಇವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬ ಮಾತು ಬಾರದವರಾದ್ದರಿಂದ ನೆಟ್ಟಗೆ ಮೆಟ್ಟಿಲಡಿಯ ಮೀಟರ್ ಬೋರ್ಡಿಗೆ ನಡೆದರು. ಇಡೀ ಕಟ್ಟಡದ ಮೀಟರುಗಳೂ ಫ್ಯೂಸುಗಳೂ ಇರುವ ಜಾಗ ಅದು. ಮೇಲೆ ಮುಖವೆತ್ತಿ, ಸೋರಿಕೆ ವಿಭಾಗದ ದನಿಯಲ್ಲಿ ಘೋಷಿಸಿದರು: "ಯಾರೂ ಮನೆಯಿಂದ ಹೊರಗೆ ಬರಬೇಡಿ. ಕಳ್ಳ ಒಳಗೇ ಇದಾನೆ."

ಮೇಲಿನ ಮಹಡಿಯ ಆಂಟಿಗೆ ನಮ್ಮ ಕಟ್ಟಡದಲ್ಲಿ ದುರ್ಬೀನು ಎಂದು ಹೆಸರು. ಯಾರ ಮನೆಯ ಹಾಲು ಉಕ್ಕಿತು ಎಂಬುದು ಹಾಲಿಗಿಂತ ಮೊದಲು ಅವರಿಗೆ ತಿಳಿದಿರುತ್ತದೆ. ಮೆಟ್ಟಿಲ ಕಂಬಿಯ ಮೇಲಿಂದ ಅವರ ತಲೆ ಹೊರಬಂತು. "ಎಷ್ಟು ಜನ ಇದಾರೆ?"

"ಒಬ್ಬನೇ ಇರ್ಬೇಕು. ಎಲ್ಲರೂ ಮಲಗಿದ ಮೇಲೆ ಏಳ್ತಾನಂತೆ. ಬಹಳ ದಿನದಿಂದ ಇಲ್ಲೇ ಇದಾನೆ," ಎಂದರು ಇವರು, ಮೊದಲ ಫ್ಯೂಸ್ ಕೀಳುತ್ತ.

ಆಂಟಿ ಪೊಲೀಸರಿಗೆ ಫೋನ್ ಮಾಡಲು ಒಳಗೆ ಓಡಿದರು. ಒಂದು ಮನೆಯ ಮಿಕ್ಸಿ ನಿಂತಿತು. ಇನ್ನೊಂದು ಮನೆಯ ಟಿವಿ ಅರ್ಧ ವಾಕ್ಯಕ್ಕೆ ಬಾಯಿ ಮುಚ್ಚಿತು. ಮೂರನೆಯ ಫ್ಯೂಸ್ ಕಿತ್ತಾಗ ಲಿಫ್ಟಿನೊಳಗಿನಿಂದ ಧಡ್ ಧಡ್ ಎಂದು ಬಾಗಿಲು ಬಡಿಯುವ ಸದ್ದಾಯಿತು.

ಒಂದೊಂದೇ ಮನೆಯ ಬಾಗಿಲು ತೆರೆಯಿತು.

"ಸಿಕ್ಕಿಬಿದ್ದ," ಎಂದು ಪಿಸುಗುಟ್ಟಿದರು ದುರ್ಬೀನು ಆಂಟಿ, ಲಟ್ಟಣಿಗೆ ಹಿಡಿದು ಮೆಟ್ಟಿಲಿಳಿಯುತ್ತ.

"ಬಾಗಿಲು ತೆಗೀರಿ, ನಾನು ಕಣೇ," ಎಂದಿತು ಲಿಫ್ಟು.

"ಅಯ್ಯೋ, ನಮ್ಮನೆಯವರ ದನೀನೇ ಅನುಕರಣೆ ಮಾಡ್ತಿದಾನೆ. ಎಂಥ ಪಳಗಿದ ಕಳ್ಳ."

"ನಾನೇ ಕಣೇ, ನಿನ್ನ ಗಂಡ. ಮೊಸರು ತರೋಕೆ ನೀನೇ ಅಲ್ವೇನೇ ಕಳಿಸಿದ್ದು."

"ಹೌದಾ? ಹಾಗಾದ್ರೆ ನಮ್ಮ ಮದುವೆ ಆದ ತಾರೀಕು ಹೇಳಿ ನೋಡೋಣ."

ಲಿಫ್ಟಿನೊಳಗಿನ ಬಡಿತ ನಿಂತಿತು. ಆಮೇಲೆ ಕುಗ್ಗಿದ ದನಿ: "ಚಳಿಗಾಲ ಅನ್ಸುತ್ತೆ."

ಆಂಟಿ ಲಟ್ಟಣಿಗೆ ಇಳಿಸಿದರು. "ಇವರೇ. ಫ್ಯೂಸ್ ಹಾಕಿ."

ಅದೇ ಹೊತ್ತಿಗೆ ನಮ್ಮ ಮನೆಯೊಳಗಿಂದ "ಅತ್ತಿಗೆ" ಎಂಬ ಸಣ್ಣ ದನಿ ಕೇಳಿತು. ನಾನು ಓಡಿದೆ. ನಾದಿನಿ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಕಾಲ ಬಳಿ ನೆಲವೆಲ್ಲ ಒದ್ದೆ. ಮುಖದಲ್ಲಿ ನಗು ಇರಲಿಲ್ಲ. ಅವಳ ಮುಖದಲ್ಲಿ ನಗುವಿಲ್ಲದ್ದನ್ನು ನಾನು ಅದೇ ಮೊದಲು ನೋಡಿದ್ದು.

ಬಾಗಿಲಿಗೆ ಬಂದು ಕೂಗಿದೆ: "ರೀ, ನೀರು ಒಡೆದುಹೋಯ್ತು. ಬೇಗ ಬನ್ನಿ."

ಇವರು ಬೋರ್ಡಿನಿಂದ ಕಣ್ಣು ತೆಗೆಯಲಿಲ್ಲ. "ಒಂದು ಬಕೆಟ್ ಇಡು. ಮೇನ್ ವಾಲ್ವ್ ತಿರುಗಿಸಿ ನಿಲ್ಲಿಸು."

"ನಿಲ್ಲಿಸೋ ನೀರಲ್ಲರೀ ಇದು."

"ಎಲ್ಲಾ ನೀರೂ ನಿಲ್ಲುತ್ತೆ. ಇಪ್ಪತ್ತು ವರ್ಷ ನೀರಿನ ಇಲಾಖೇಲಿದೀನಿ, ನನಗೆ ಹೇಳ್ತೀಯಾ? ಈಗ ಕರೆಂಟ್ ಸೋರಿಕೆ ನೋಡ್ತಿದೀನಿ. ಕಂಪ್ಲೇಂಟ್ ಬರೆದಿಡು, ನಾಳೆ ಅಟೆಂಡ್ ಮಾಡೋಣ."

ಮದುವೆಯಾದಾಗಿನಿಂದ ನಾನು ಇವರಿಗೆ ದನಿ ಎತ್ತಿ ಮಾತಾಡಿದವಳಲ್ಲ. ಅವತ್ತೂ ಎತ್ತಲಿಲ್ಲ. ಹತ್ತಿರ ಹೋಗಿ, ಕೈಯಲ್ಲಿದ್ದ ಫ್ಯೂಸ್ ತೆಗೆದುಕೊಂಡು, ಮಗಳಿಗೆ ಅಕ್ಷರ ಹೇಳಿಕೊಟ್ಟ ಹಾಗೆ ಹೇಳಿದೆ: "ಪೈಪು ಒಡೆದಿಲ್ಲ. ನಾದಿನೀದು ನೀರು ಒಡೆದಿದೆ. ಮಗು ಬರ್ತಾ ಇದೆ."

ಇವರ ಮುಖದಿಂದ ತಂಪು ಕನ್ನಡಕ ತಾನಾಗಿಯೇ ಜಾರಿತು. ಗೇಟಿನತ್ತ ನೋಡಿದರು. ಗೇಟಿನಲ್ಲಿ ಕಾರಿತ್ತು.

ನಾದಿನಿಯನ್ನು ಕೈ ಹಿಡಿದು ಅಲ್ಲಿಯವರೆಗೆ ಕರೆತಂದೆ. ಸಂದಿನಲ್ಲಿ ನೆಟ್ಟಗೆ ಹೋಗಲು ಆಗಲಿಲ್ಲ, ಅಡ್ಡಡ್ಡ ಹೋಗಲು ಮೊದಲೇ ಆಗಲಿಲ್ಲ. "ಕುರ್ಚೀಲಿ ಕೂರಿಸಿ ಕಾಂಪೌಂಡ್ ದಾಟಿಸೋಣ," ಎಂದರು ದುರ್ಬೀನು ಆಂಟಿ. ನಾದಿನಿ ಆ ಎತ್ತರದ ಗೋಡೆ ನೋಡಿ, ನನ್ನ ಕೈಯನ್ನು ಹಿಂಡಿದಳು. ಮೊದಲ ನೋವು ಬಂದಿತ್ತು. ನನ್ನ ಬಳೆಯೊಂದು ಚಟ್ಟೆಂದಿತು.

ಆಗ ಗೇಟಿನಾಚೆ ಪೊಲೀಸ್ ಜೀಪು ಬಂದು ನಿಂತಿತು. ಅಗಲ ಮೀಸೆಯ ಇನ್ಸ್‌ಪೆಕ್ಟರು ಲಾಠಿ ಹಿಡಿದು ಇಳಿದರು. "ಕಳ್ಳ ಎಲ್ಲಿ?"

"ಈ ಬ್ಯಾಟರಿ ಒಳಗೆ ಸಾರ್," ಎಂದರು ಇವರು ಕೈಮುಗಿದು.

ಇನ್ಸ್‌ಪೆಕ್ಟರು ಬಾನೆಟ್ಟನ್ನು ನೋಡಿದರು. "ಎಷ್ಟು ದೊಡ್ಡವನು?"

"ಕಣ್ಣಿಗೆ ಕಾಣಿಸಲ್ಲ ಸಾರ್. ಮೀಟರ್ ಇಟ್ರೆ ಕಾಣ್ತಾನೆ."

"ಬೆಳಿಗ್ಗೆ ಬೆಳಿಗ್ಗೇನೇ ಕುಡಿದಿದೀರಾ?"

"ಲಿಫ್ಟಲ್ಲಿದ್ದವನು ನಮ್ಮನೆಯವರು ಸಾರ್, ಅವರನ್ನ ಬಿಟ್ಬಿಡಿ," ಎಂದು ಆಂಟಿ ಹಿಂದಿನಿಂದ ಸೇರಿಸಿದರು.

ಇನ್ನು ಇದನ್ನು ಇವರಿಗೆ ಬಿಟ್ಟರೆ ಮಗು ಗೇಟಿನಲ್ಲೇ ಹುಟ್ಟಿ, ಅಲ್ಲೇ ಅಂಬೆಗಾಲಿಡುತ್ತದೆ ಅನಿಸಿತು. ನಾನು ಮುಂದೆ ಬಂದೆ. "ಸಾರ್, ಕಳ್ಳ ಇಲ್ಲ. ಹೆರಿಗೆ ಇದೆ. ಈ ಗಾಡಿ ಅಲ್ಲಾಡಿದ್ರೆ ಇವಳು ಹೊರಗೆ ಬರ್ತಾಳೆ. ಗಾಡಿ ಅಲ್ಲಾಡೋಕೆ ಕರೆಂಟ್ ಬೇಕು. ನಿಮ್ಮ ಜೀಪಲ್ಲಿದೆ."

ಇನ್ಸ್‌ಪೆಕ್ಟರು ನಾದಿನಿಯ ಮುಖ ನೋಡಿ ಲಾಠಿಯನ್ನು ಜೀಪಿನೊಳಗೆ ಎಸೆದರು. "ತಂತಿ ಇದೆಯಾ?"

ತಂತಿ ಇತ್ತು. ಜೀಪು ಕಾರಿನ ಮೂತಿಗೆ ಮೂತಿ ತಾಗಿಸಿ ನಿಂತಿತು. ಆಗ ಬಂತು ನಿಜವಾದ ಕಗ್ಗಂಟು. ಬ್ಯಾಟರಿ ಮುಟ್ಟಬೇಕಾದರೆ ಬಾನೆಟ್ ತೆಗೆಯಬೇಕು. ಬಾನೆಟ್ ತೆಗೆಯುವ ಹಿಡಿ ಕಾರಿನ ಒಳಗಿದೆ, ಅದಕ್ಕೆ ಬಾಗಿಲು ತೆಗೆಯಬೇಕು. ಬಾಗಿಲು ತೆಗೆಯಬೇಕಾದರೆ ಬ್ಯಾಟರಿ ಬೇಕು.

ಇವರು ಬಾಗಿಲ ಹಿಡಿ ಜಗ್ಗಿದರು. ಕೀಯನ್ನು ಗಾಜಿಗೆ ಒತ್ತಿದರು, ಅಂಗಿಗೆ ಒರೆಸಿ ಮತ್ತೆ ಒತ್ತಿದರು. "ನಾನು ಕಣೋ," ಎಂದು ಕಾರಿಗೆ ಹೇಳಿಯೂ ನೋಡಿದರು. ಮತ್ತೊಂದು ನೋವು ಬಂತು. ಈ ಸಲ ನಾದಿನಿ ಹಲ್ಲು ಕಚ್ಚಿದ್ದು ನನಗೆ ಕೇಳಿಸಿತು. ಇನ್ಸ್‌ಪೆಕ್ಟರು ಕಲ್ಲು ಹುಡುಕುತ್ತ, "ಗಾಜು ಒಡೀಲಾ?" ಎಂದರು. ಇವರ ಕಣ್ಣಲ್ಲಿ ನೀರು ತುಂಬಿತ್ತು. ತಮ್ಮನ ಕಾರೆಂದು ಅಲ್ಲ. "ಒಡೀರಿ ಸಾರ್, ಏನಾದ್ರೂ ಮಾಡಿ," ಎಂದರು.

ಅಷ್ಟರಲ್ಲಿ ನಾನು ಮೆಕ್ಯಾನಿಕ್‌ಗೆ ಫೋನ್ ಹಚ್ಚಿ ಇವರ ಬಾಯಿಯ ಹತ್ತಿರ ಹಿಡಿದೆ. "ಏನಪ್ಪ, ಲಾಕ್ ಆಗಿದೆ, ಬಾಗಿಲು ತೆಗೆಯೋದು..." ಇವರು ನಾದಿನಿಯತ್ತ ನೋಡಿದರು. ಆಮೇಲೆ ನನ್ನ ಕಿವಿ ನಂಬಲಾರದ ಮಾತು ಹೊರಬಂತು. "ಹೇಗೆ ಅಂತ ನನಗೆ ಗೊತ್ತಿಲ್ಲಪ್ಪ."

"ಅಷ್ಟೇನಾ ಸಾರ್," ಎಂದಿತು ಸ್ಪೀಕರು. "ಒಳಗೇ ಇನ್ನೊಂದಿದೆ. ಹೊಟ್ಟೆ ಒತ್ತಿ, ಹೊರಗೆ ಬರುತ್ತೆ."

"ಯಾರ ಹೊಟ್ಟೆ ಅಣ್ಣ?" ಎಂದಳು ನಾದಿನಿ ನೋವಿನ ನಡುವೆಯೇ, ಎರಡೂ ಕೈ ಅಡ್ಡ ಹಿಡಿದು.

"ಕೀ ಹೊಟ್ಟೆ ಮೇಡಂ, ಕೀ ಹೊಟ್ಟೆ," ಎಂದು ಕಿರುಚಿತು ಫೋನು.

ಒತ್ತಿದರು. ಕರಿಯ ಸಾಬೂನಿನ ಹೊಟ್ಟೆಯಿಂದ ನಮ್ಮ ಟ್ರಂಕಿನ ಬೀಗದ ಕೈಯಂಥ ಪುಟ್ಟ ಕಬ್ಬಿಣದ ಕೀ ಹೊರಬಂತು. ಬಾಗಿಲು ತೆರೆಯಿತು, ಬಾನೆಟ್ ಎದ್ದಿತು, ತಂತಿ ಕಚ್ಚಿತು. ಜೀಪು ಗುರುಗುಟ್ಟಿತು. ಕಾರು ಒಮ್ಮೆ ಕೆಮ್ಮಿತು, ಸುಮ್ಮನಾಯಿತು. ಎರಡನೆಯ ಸಲ ಕೆಮ್ಮಿ, ಇಡೀ ಬೀದಿಯ ಕಿಟಕಿ ಅದುರುವ ಹಾಗೆ ಘರ್ಜಿಸಿತು.

ಜೀಪು ಹಿಂದೆ ಸರಿಯಿತು, ಕಾರು ಹೊರಗೆ ಬಂತು. ಅದರ ಹಿಂದೆಯೇ ನಾದಿನಿ ಬಂದಳು. ಇವರು ಕೆಂಪು ಕಾರಿನ ಬಾಗಿಲು ತೆರೆದು ಹಿಡಿದು ನಿಂತಿದ್ದರು. ಅವಳು ಆ ತಗ್ಗಿನ ಸೀಟನ್ನು ನೋಡಿದಳು, ಜೀಪಿನ ಎತ್ತರದ ಬೆಂಚನ್ನು ನೋಡಿದಳು. "ಅಣ್ಣ, ಬೇಜಾರ್ ಮಾಡ್ಕೋಬೇಡಿ," ಎಂದು ನನ್ನ ಜೊತೆ ಜೀಪು ಹತ್ತಿದಳು.

"ನೀವು ಮುಂದೆ ಹಾರನ್ ಹೊಡೀತಾ ಹೋಗಿ," ಎಂದು ಇನ್ಸ್‌ಪೆಕ್ಟರು ಇವರಿಗೆ ಹೇಳಿದರು. ಹಾಗೆ ನಮ್ಮ ನಾದಿನಿಯ ಮೆರವಣಿಗೆ ಹೊರಟಿತು: ಮುಂದೆ ಅರಚುವ ಸ್ಪೋರ್ಟ್ಸ್ ಕಾರು, ಹಿಂದೆ ಪೊಲೀಸ್ ಜೀಪು. ದಾರಿಯಲ್ಲಿದ್ದವರೆಲ್ಲ ಯಾವುದೋ ದೊಡ್ಡ ಕಳ್ಳನನ್ನು ಪೊಲೀಸರು ಅಟ್ಟಿಸಿಕೊಂಡು ಹೋಗುತ್ತಿದ್ದಾರೆ ಎಂದು ದಾರಿ ಬಿಟ್ಟರು. ನೋವಿನ ನಡುವೆಯೂ ನಾದಿನಿಗೆ ನಗು ಬಂತು. ಆ ನಗು ನೋಡಿ ನನಗೆ ಅಳು ಬಂತು.

ಆಸ್ಪತ್ರೆಯಲ್ಲಿ ಇವರು ಕಾಣಲಿಲ್ಲ. ಆಫ್ ಮಾಡಿದರೆ ಮತ್ತೆ ಸಾಯುತ್ತದೆಂದು ಕಾರನ್ನು ನಿಲ್ಲಿಸದೆ ಆಸ್ಪತ್ರೆಯ ಸುತ್ತ ಸುತ್ತುತ್ತಲೇ ಇದ್ದರು. ಪ್ರತಿ ಸುತ್ತಿಗೂ ಹೆರಿಗೆ ವಾರ್ಡಿನ ಕಿಟಕಿಯ ಕೆಳಗೆ ಬಂದು, "ಆಯ್ತಾ?" ಎಂದು ಕೇಳುತ್ತಿದ್ದರು. "ಇನ್ನೂ ಇಲ್ಲ," ಎಂದು ನರ್ಸಮ್ಮ ಹೇಳುತ್ತಿದ್ದರು. ಕೊನೆಗೆ ಆಕೆ ಬೇಸತ್ತು, ಬಟ್ಟೆಯಲ್ಲಿ ಸುತ್ತಿದ ಕೆಂಪು ಕೆಂಪು ಹೆಣ್ಣುಮಗುವನ್ನು ಕಿಟಕಿಗೆ ಹಿಡಿದು ತೋರಿಸಿದರು. ಇವರು ಬ್ರೇಕ್ ಒತ್ತಿ, ಎಲ್ಲವನ್ನೂ ಮರೆತು, ಆಫ್ ಮಾಡಿ ಇಳಿದು ಬಂದರು. ಕಾರು ಆಸ್ಪತ್ರೆಯ ಅಂಗಳದಲ್ಲೇ ಎರಡು ದಿನ ಉಳಿಯಿತು. ಅದರ ಚಿಂತೆ ಯಾರಿಗೂ ಇರಲಿಲ್ಲ.

ತಾಯಿ ಮಗು ಮನೆಗೆ ಬಂದ ದಿನ ಮೆಕ್ಯಾನಿಕ್ಕೂ ಕಾರನ್ನು ತಂದು ಅದರ ಜಾಗದಲ್ಲಿ ನಿಲ್ಲಿಸಿ ಒಳಗೆ ಬಂದ. ಇವರು ಅವನ ಕೈಯಿಂದ ಕೀ ಇಸಿದುಕೊಂಡು, ರೂಢಿಯಂತೆ ಮೊಳೆಗೆ ನೇತುಹಾಕಿ, ತೊಟ್ಟಿಲ ಹತ್ತಿರ ಹೋದರು. ಮಗು ಆಗ ತಾನೇ ನಿದ್ದೆ ಹೋಗಿತ್ತು. ಉಸಿರಾಡುತ್ತಿದೆಯೋ ಇಲ್ಲವೋ ಎಂದು ಇವರು ಅದರ ಕೆನ್ನೆಗೆ ಬೆರಳಿಟ್ಟರು. ಮಗು ಎದ್ದು ಕಿರುಚಿತು. ನಾದಿನಿ ತಟ್ಟಿ ಮಲಗಿಸಿದಳು. ಇವರು ಮತ್ತೆ ಬಗ್ಗಿ ಬೆರಳಿಟ್ಟರು. ಮಗು ಮತ್ತೆ ಎದ್ದಿತು.

"ರೀ," ಎಂದೆ, "ಮಲಗಿದ ಮಗೂನ ಹೀಗೆ ಗಳಿಗೆಗೊಂದ್ಸಲ ಮುಟ್ಟಿ ಎಬ್ಬಿಸಿದ್ರೆ ಅದರ ಮೈಯಲ್ಲಿ ಶಕ್ತಿ ಎಲ್ಲಿ ಉಳಿಯುತ್ತೆ?"

ಕಾಫಿ ಕುಡಿಯುತ್ತಿದ್ದ ಮೆಕ್ಯಾನಿಕ್ ತಲೆಯೆತ್ತಿದ. ನನ್ನನ್ನು ನೋಡಿದ. ಮೊಳೆಯನ್ನು ನೋಡಿದ. ಲೋಟ ಕೆಳಗಿಟ್ಟ.

"ಸಾರ್, ಕೀ ಯಾವಾಗ್ಲೂ ಇಲ್ಲೇ ಇಡ್ತೀರಾ?"

"ಮತ್ತೆ? ಎಲ್ಲರಿಗೂ ಕಾಣ್ಬೇಕಲ್ಲ."

"ಕಾರಿಗೂ ಕಾಣ್ತಿದೆ ಸಾರ್. ಗೋಡೆಯಾಚೆ ಅದರ ಕಿವಿ ಇದೆ. ಯಜಮಾನರು ಬಂದ್ರು, ಯಜಮಾನರು ಬಂದ್ರು ಅಂತ ಅದು ಇಷ್ಟು ದಿನ ಕಣ್ಣೇ ಮುಚ್ಚಿಲ್ಲ. ಅದರ ಮೇಲೆ ನೀವು ಬೇರೆ ಒರೆಸೋಕೆ ಹೋಗ್ತಿದ್ರಲ್ಲ, ಪ್ರತಿ ಸಲ ಎದ್ದು ಕೂತಿದೆ. ಹೊಸ ಬ್ಯಾಟರಿ ಅಲ್ಲ, ಆನೆ ತಂದು ಕಟ್ಟಿದ್ರೂ ಸುಸ್ತಾಗುತ್ತೆ."

ಇವರು ತಮ್ಮ ಬೆರಳನ್ನೇ ನೋಡಿಕೊಂಡರು.

ನಾನು ಕೀ ತೆಗೆದುಕೊಂಡು ಹೋಗಿ, ಅಡುಗೆಮನೆಯ ಕೊನೆಯ ಅಟ್ಟದ ಮೇಲಿನ ಸ್ಟೀಲ್ ಡಬ್ಬದಲ್ಲಿ ಹಾಕಿ ಮುಚ್ಚಳ ಬಿಗಿದೆ. ಮೊಳೆಗೆ ಮಗುವಿನ ಟೋಪಿ ತಗುಲಿಹಾಕಿದೆ. ಮೇಲಿನಿಂದ ದುರ್ಬೀನು ಆಂಟಿಯ ದನಿ ಬಂತು: "ಕಳ್ಳ ಸಿಕ್ಕಿದನಂತಾ?"

"ಸಿಕ್ಕಿದ ಆಂಟಿ. ಮನೆಯವನೇ," ಎಂದೆ.

ವಾರ ಕಳೆದು ಒಂದು ಮಧ್ಯಾಹ್ನ ಪಾತ್ರೆ ತೊಳೆದು ಬಂದರೆ, ಇವರು ತೊಟ್ಟಿಲ ಪಕ್ಕದ ಕುರ್ಚಿಯಲ್ಲಿ ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದರು. ಕೈ ತಾನಾಗಿಯೇ ಹೋಗಿಬಿಡುತ್ತದಂತೆ. ಆಗ ಹಡಗಿನಿಂದ ತಮ್ಮನ ಫೋನ್ ಬಂತು. ಇವರು ಕೈ ಬಿಡಿಸಿಕೊಂಡು ಬೇಗ ಬೇಗ ಎತ್ತಿ ಕಿವಿಗಿಟ್ಟುಕೊಂಡರು. ಸ್ಪೀಕರ್ ಹಾಕಲಿಲ್ಲ. ಆದರೂ ಅವನ ಗಂಟಲು ಸಮುದ್ರ ದಾಟಿ ನನಗೂ ಕೇಳಿಸಿತು: "ಭಾವ, ಹೇಗಿವೆ ಎರಡೂ?"

"ಮೆತ್ತಗೆ ಮಾತಾಡೋ," ಎಂದು ಪಿಸುಗುಟ್ಟಿದರು ಇವರು. "ಎರಡೂ ಈಗ ತಾನೇ ಮಲಗಿವೆ."